ಬಕಲ್‌ನಿಂದ ನಾಲ್ಕು ಬೆರಳು ಕೆಳಗೆ

ಮಾನ್ಯ ಓದುಗರಲ್ಲಿ ವಿನಂತಿ.

ಇತ್ತೀಚೆಗೆ ನಿಧನರಾದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ಬಗ್ಗೆ ನನಗೆ ತಿಳಿದಿರುವ ಕೆಲವು ಸಂಗತಿಗಳನ್ನು ತಮ್ಮ ಅವಗಾಹನೆಗೆ ತರುವುದು ಈ ಬರಹದ ಉದ್ದೇಶವಾಗಿರುತ್ತದೆ. ಇದಕ್ಕೆ ಮೊದಲು ನಾನು ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವಳಲ್ಲ. ಆದುದರಿಂದ ಲೋಪದೋಷಗಳಿದ್ದಲ್ಲಿ ದಯಮಾಡಿ ಮನ್ನಿಸಬೇಕು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ತಮ್ಮ ಹೆಸರು ಕಾಗದದ ಮೇಲೆ ಬರುವುದನ್ನು ಅವರು ಎಂದೂ ಇಷ್ಟಪಟ್ಟವರಲ್ಲ. ಒಂದೇ ಒಂದು ಕಾಗದಕ್ಕೆ ಒಪ್ಪಿ ಸಹಿ ಮಾಡಿದ್ದರು. ಆ ಕಾಗದದ ವಿಚಾರ ಮುಂದೆ ಬರುತ್ತದೆ.

ನಾವಿಬ್ಬರೂ ಕೆಲಸ ಮಾಡುತ್ತಿದ್ದ ಕಂಪನಿ ಸಿಂಗಪುರದ ಕಾಕಿ ಬುಕಿತ್‌ನ ಗೋದಾಮುಗಳ ಸಾಲಿನಲ್ಲಿ, ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿದೆ. ಸಮಾರಂಭದ ಉಡುಪುಗಳನ್ನು ಬಾಡಿಗೆಗೆ ಕೊಡುವುದು ಅದರ ವ್ಯವಹಾರ. ಅದರಲ್ಲಿ ಕಿಲ್ಟ್ ವಿಭಾಗ ಎಂಬುದೊಂದು ಇತ್ತು. ಕಿಲ್ಟ್ ಎಂದರೆ ಸ್ಕಾಟ್ಲೆಂಡಿನ ಗಂಡಸರು ಉಡುವ, ಮೊಣಕಾಲಿನವರೆಗೆ ಬರುವ, ನೆರಿಗೆಯುಳ್ಳ ಉಣ್ಣೆಯ ಉಡುಪು. ಅದಕ್ಕೆ ಜೇಬು ಇರುವುದಿಲ್ಲ. ಜೇಬಿನ ಬದಲು ಮುಂಭಾಗದಲ್ಲಿ, ಸೊಂಟದಿಂದ ಇಳಿಬಿಟ್ಟ ಒಂದು ಚೀಲವನ್ನು ಧರಿಸುತ್ತಾರೆ. ಅದರ ಹೆಸರು ಸ್ಪೊರನ್. ಸಿಂಗಪುರದಲ್ಲಿ ಇದನ್ನು ಯಾರು ಬಾಡಿಗೆಗೆ ಪಡೆಯುತ್ತಾರೆಂದು ನಾನೂ ಮೊದಲು ಆಶ್ಚರ್ಯಪಟ್ಟಿದ್ದೆ. ಬ್ಯಾಗ್‌ಪೈಪ್ ಊದುವ ವಾದ್ಯವೃಂದಗಳಿವೆ, ಇಲ್ಲಿ ನೆಲೆಸಿರುವ ಸ್ಕಾಟ್ಲೆಂಡಿನವರ ಮದುವೆಗಳಿವೆ, ಅವರ ವಾರ್ಷಿಕ ಔತಣಕೂಟಗಳಿವೆ, ಅವುಗಳಿಗೆ ಆಹ್ವಾನಿತರಾದ ನಮ್ಮಂಥವರೂ ಇದ್ದಾರೆ.

ಮೈಸೂರು ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಲ್ಲಿ ಎಂಟು ವರ್ಷ ಬೆರಳಚ್ಚುಗಾರ್ತಿಯಾಗಿದ್ದ ನಾನು, ಪತಿಯ ಕೆಲಸದ ನಿಮಿತ್ತ ಇಲ್ಲಿಗೆ ಬಂದು, ಸದರಿ ಕಂಪನಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳಲು ಸೇರಿಕೊಂಡೆ. ಅವರು ಅಳತೆ ಕೋಣೆಯಲ್ಲಿದ್ದರು. ಸೇರಿದ ಮೊದಲ ದಿನ ಯಾರೋ ನನ್ನನ್ನು ಅವರಿಗೆ ಪರಿಚಯಿಸಿದಾಗ ಅವರು ನನ್ನ ಮುಖ ನೋಡಲಿಲ್ಲ. ಹೆಗಲಿನ ಬ್ಯಾಗ್ ನೋಡಿದರು.

"ಮೈಸೂರಾ?" ಎಂದು ಕನ್ನಡದಲ್ಲಿ ಕೇಳಿದರು.

"ಹೌದು ಸರ್. ಹೇಗೆ ಗೊತ್ತಾಯ್ತು?"

"ಬ್ಯಾಗಿನ ಜಿಪ್ಪಿಗೆ ಸೇಫ್ಟಿ ಪಿನ್ ಹಾಕಿದೀರಲ್ಲ. ಸಿಟಿ ಬಸ್ಸಲ್ಲಿ ಓಡಾಡಿದೋರು. ಇಲ್ಲಿ ಯಾರೂ ಕದಿಯಲ್ಲಮ್ಮ, ತೆಗೆದುಬಿಡಿ."

ನಾನು ತೆಗೆಯಲಿಲ್ಲ. ಈಗಲೂ ಇದೆ.

ಅವರ ತಂದೆ ನಮ್ಮೂರ ಕಡೆಯ ಪೊಲೀಸ್ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಊದುತ್ತಿದ್ದವರು. ಇವರೂ ಅದನ್ನೇ ಕಲಿತು, ಯೌವನದಲ್ಲಿ ಇಲ್ಲಿನ ಹೋಟೆಲೊಂದರ ಬಾಗಿಲಲ್ಲಿ ನಿಂತು ಅತಿಥಿಗಳಿಗಾಗಿ ಪೈಪ್ ಊದುವ ಕೆಲಸಕ್ಕೆ ಬಂದರಂತೆ. ಉಸಿರು ಸಾಲದಾದ ಮೇಲೆ ಈ ಕಂಪನಿಯ ಅಳತೆ ಕೋಣೆಗೆ ಬಂದರು. ಇಷ್ಟನ್ನು ಬಿಟ್ಟರೆ ಅವರ ಪೂರ್ವಚರಿತ್ರೆ ನನಗೆ ತಿಳಿಯದು.

ಅಳತೆ ಕೋಣೆ ಚಿಕ್ಕದು. ಒಂದು ಕನ್ನಡಿ, ಒಂದು ಮರದ ಮಣೆ, ಮತ್ತು ಒಂದು ಗೋಡೆ. ಆ ಗೋಡೆಯ ಬಗ್ಗೆ ವಿವರವಾಗಿ ಬರೆಯುವುದು ಅವಶ್ಯವೆಂದು ಭಾವಿಸುತ್ತೇನೆ. ಅದರ ತುಂಬ ಮೊಳೆಗಳಿದ್ದವು. ಪ್ರತಿ ಮೊಳೆಗೂ ಒಂದೊಂದು ಸ್ಪೊರನ್. ಎಡತುದಿಯಲ್ಲಿ ಸಾದಾ ಚರ್ಮದವು, ಮೂರು ಪುಟ್ಟ ಕುಚ್ಚುಗಳಿದ್ದು ಚರ್ಮದ ಪಟ್ಟಿಯಿಂದ ಕಟ್ಟುವಂಥವು. ನಡುವಿನಲ್ಲಿ ಚರ್ಮದ ಮುಚ್ಚಳ, ಮುಂದೆ ತುಸು ತುಪ್ಪಳ ಇದ್ದಂಥವು. ಬಲತುದಿಗೆ ಹೋದಂತೆ ಪೂರ್ತಿ ತುಪ್ಪಳ, ಮೇಲೆ ಬೆಳ್ಳಿಯ ಕಮಾನು, ಕಟ್ಟಲು ಸರಪಳಿ. ಎಡದಿಂದ ಬಲಕ್ಕೆ ಅದು ಬೆಳಗಿನಿಂದ ರಾತ್ರಿಯವರೆಗಿನ ಹೊತ್ತು. ಹಗಲಿನ ಸಾಮಾನ್ಯ ಉಡುಪಿಗೆ ಎಡಗಡೆಯವು. ರಾತ್ರಿಯ ಔಪಚಾರಿಕ ಕೂಟಕ್ಕೆ ಬಲಗಡೆಯವು. ಇವೆಲ್ಲದರಿಂದ ದೂರವಾಗಿ, ಬಾಗಿಲ ಪಕ್ಕದಲ್ಲಿ, ಬಿಳಿಯ ಕುದುರೆಗೂದಲು ಮೊಣಕಾಲಿನವರೆಗೆ ಇಳಿಯುವ ಉದ್ದನೆಯ ಸ್ಪೊರನ್‌ಗಳು. ಅವು ವಾದ್ಯದವರಿಗೆ ಮಾತ್ರ. ನನ್ನ ಸಹೋದ್ಯೋಗಿಯ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಆದರೂ ಅಂಗಿಯ ಜೇಬಿನಲ್ಲಿ ಸದಾ ಒಂದು ಬಾಚಣಿಗೆ ಇರುತ್ತಿತ್ತು. ಪ್ರತಿ ಸೋಮವಾರ ಅದರಿಂದ ಆ ಕುದುರೆಗೂದಲನ್ನು ಬಾಚುತ್ತಿದ್ದರು.

ಸ್ಪೊರನ್ ಎಂಬ ಪದವನ್ನು ಅವರು ಗಿರಾಕಿಗಳ ಮುಂದೆ ಮಾತ್ರ ಬಳಸುತ್ತಿದ್ದರು. ನನ್ನೊಡನೆ ಅವರಿಗೆ ಅದು ಸಂಚಿ. ಅವರ ಅಜ್ಜಿಯ ಸೊಂಟದಲ್ಲಿ ಎಲೆಅಡಿಕೆಯ ಸಂಚಿ ಇರುತ್ತಿತ್ತಂತೆ. ಅಡಿಕೆಗೊಂದು ಅರೆ, ಸುಣ್ಣದ ಡಬ್ಬಿಗೊಂದು ಅರೆ, ಯಾರಿಗೂ ತೋರಿಸದ ಇನ್ನೊಂದು ಅರೆ.

"ಜೇಬಿಲ್ಲದ ಗಂಡಸಿಗೆ ಕೈ ಎಲ್ಲಿಡ್ಬೇಕು ಅಂತ ಗೊತ್ತಾಗಲ್ಲಮ್ಮ. ನೋಡಿ ಬೇಕಾದ್ರೆ," ಎಂದು ಹೇಳಿ, ಕನ್ನಡಿಯ ಮುಂದೆ ನಿಂತ ಗಿರಾಕಿಯ ಕಡೆ ಕಣ್ಣಲ್ಲೇ ತೋರಿಸುತ್ತಿದ್ದರು. ನಿಜಕ್ಕೂ ಆತನ ಕೈಗಳು ಗಾಳಿಯಲ್ಲಿ ತಡವರಿಸುತ್ತಿದ್ದವು. ಸಂಚಿ ಕಟ್ಟಿದ ಕೂಡಲೇ ಅವು ಅದರ ಮುಚ್ಚಳದ ಮೇಲೆ ಬಂದು ಕೂರುತ್ತಿದ್ದವು.

ಯಾವ ಗಿರಾಕಿ ಬಂದರೂ ಅವರು ಮೂರು ಪ್ರಶ್ನೆಗಳನ್ನು ಕೇಳುತ್ತಿದ್ದರು. ಎಷ್ಟು ಹೊತ್ತಿಗೆ? ಯಾರ ಮುಂದೆ? ನಿಂತಿರ್ತೀರೋ, ಕೂತಿರ್ತೀರೋ? ಈ ಮೂರಕ್ಕೆ ಉತ್ತರ ಸಿಕ್ಕರೆ ಗೋಡೆಯ ಮೇಲಿನ ಮೊಳೆ ತಾನಾಗಿಯೇ ಗೊತ್ತಾಗುತ್ತದೆಂದು ಅವರ ಅಭಿಪ್ರಾಯವಾಗಿತ್ತು. ಅನಂತರ ಕೈಯನ್ನು ಕರವಸ್ತ್ರದಿಂದ ಒರೆಸಿಕೊಂಡು, "ಎಕ್ಸ್‌ಕ್ಯೂಸ್ ಮಿ ಸರ್," ಎಂದು ಹೇಳಿ, ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು, ಬೆಲ್ಟಿನ ಬಕಲ್‌ನ ಕೆಳಗೆ ಎಡಗೈಯ ನಾಲ್ಕು ಬೆರಳುಗಳನ್ನು ಅಡ್ಡಲಾಗಿ ಇಡುತ್ತಿದ್ದರು. ನಾಲ್ಕನೇ ಬೆರಳು ಮುಗಿದಲ್ಲಿ ಸಂಚಿಯ ಮೇಲಂಚು ಬರಬೇಕು. ಅದಕ್ಕಿಂತ ಮೇಲಾದರೆ ಹೊಟ್ಟೆಗೆ ಕಟ್ಟಿದ ಬುತ್ತಿಯಂತೆ ಕಾಣುತ್ತದೆ. ಕೆಳಗಾದರೆ ನಡೆಯುವಾಗ ಎತ್ತಿನ ಗಂಟೆಯಂತೆ ಬಡಿಯುತ್ತದೆ.

ಕ್ಲೆಮೆಂಟಿಯಲ್ಲಿ ರೂಮು ಮಾಡಿಕೊಂಡಿದ್ದ, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬ ಒಂದು ಮಧ್ಯಾಹ್ನ ಬಂದಿದ್ದ. ಅವನ ಮೇಲಧಿಕಾರಿ ಸ್ಕಾಟ್ಲೆಂಡಿನವರು; ಅವರ ಬೀಳ್ಕೊಡುಗೆಗೆ ತಂಡದವರೆಲ್ಲ ಕಿಲ್ಟ್ ಉಟ್ಟು ಹೋಗುವುದೆಂದು ನಿರ್ಧರಿಸಿದ್ದರು. ಬಂದವನೇ ಗೋಡೆಯ ಬಲತುದಿಗೆ ಹೋಗಿ ನಿಂತ.

"ಅಂಕಲ್, ಆ ಸಿಲ್ವರ್ ಇರೋದು ಕೊಡಿ. ಫೋಟೋಲಿ ಸಖತ್ತಾಗಿ ಬರತ್ತೆ."

"ಎಷ್ಟು ಹೊತ್ತಿಗಪ್ಪ?"

"ಲಂಚ್ ಅಂಕಲ್. ಹನ್ನೆರಡೂವರೆ."

"ಹಾಗಾದ್ರೆ ಅದು ಬರಲ್ಲ. ಎಡಗಡೆ ಬನ್ನಿ."

"ಯಾರಿಗ್ ಗೊತ್ತಾಗತ್ತೆ ಅಂಕಲ್?"

"ನಿಮ್ಮ ಬಾಸಿಗೆ ಗೊತ್ತಾಗತ್ತೆ. ಹೇಳಲ್ಲ ಅಷ್ಟೆ. ನಮ್ಮ ಮದುವೆ ಮನೆಗೆ ಯಾರಾದ್ರೂ ನೈಟ್ ಡ್ರೆಸ್ಸಲ್ಲಿ ಬಂದ್ರೆ ನಾವೇನಾದ್ರೂ ಹೇಳ್ತೀವಾ? ಊಟ ಹಾಕಿ ಕಳಿಸ್ತೀವಿ."

ಹುಡುಗ ನಡುವಿನದನ್ನು ಮುಟ್ಟಿ ನೋಡಿದ. "ಇದು ಯಾವ ಪ್ರಾಣಿದು?"

"ಮೊಲ."

"ಅಯ್ಯೋ, ನಾವು ವೆಜ್ಜು."

"ತಿನ್ನೋಕಲ್ಲಪ್ಪ."

"ಆದ್ರೂ, ಅಮ್ಮಂಗೆ ಫೋಟೋ ಕಳಿಸ್ಬೇಕಲ್ಲ ಅಂಕಲ್."

"ಸರಿ. ನೀವು ಹಾಕಿರೋ ಬೆಲ್ಟು ಯಾವ ಗಿಡದಲ್ಲಿ ಬಿಡತ್ತೆ?"

ಹುಡುಗ ನಕ್ಕುಬಿಟ್ಟ. ಸಾದಾ ಕಂದು ಚರ್ಮದ್ದನ್ನು, ಶೂಗಳ ಬಣ್ಣಕ್ಕೆ ಹೊಂದಿಸಿ, ತೆಗೆದುಕೊಂಡು ಹೋದ. ಮಾರನೆಯ ದಿನ ಹಿಂತಿರುಗಿಸಲು ಬಂದಾಗ ಕೈಯಲ್ಲಿ ಸಿಹಿಯ ಡಬ್ಬಿ ಇತ್ತು. ತಂಡದ ಹದಿನಾಲ್ಕು ಜನರಲ್ಲಿ ಮೇಲಧಿಕಾರಿ ಇವನೊಬ್ಬನ ಮುಂದೆ ನಿಂತು, ನಿನಗೆ ಇದನ್ನು ಯಾರು ಆರಿಸಿಕೊಟ್ಟರು ಎಂದು ಕೇಳಿದರಂತೆ. ಇವರು ಆ ಡಬ್ಬಿಯನ್ನು ಮೂರು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ನಮಗೂ ಕೊಡಲಿಲ್ಲ.

ಎಲ್ಲ ಗಿರಾಕಿಗಳೂ ಆ ಹುಡುಗನಂತೆ ನಗುವವರಲ್ಲ ಎಂಬುದನ್ನೂ ದಾಖಲಿಸಬೇಕಾಗಿದೆ. ಮಧ್ಯಾಹ್ನದ ಮದುವೆಗೆಂದು ಬಂದ ವರನೊಬ್ಬ ಬೆಳ್ಳಿ ಕಮಾನಿನದೇ ಬೇಕೆಂದು ಹಟ ಹಿಡಿದ. ಇವರು ಗೋಡೆಯ ಮುಂದೆ ಅಡ್ಡ ನಿಂತುಬಿಟ್ಟರು. "ನೂನ್ ಟೈಮ್, ನೋ ಫರ್, ಸರ್," ಎಂದು ಮೂರು ಸಲ ಹೇಳಿದರು. ಧ್ವನಿ ಏರಲಿಲ್ಲ, ಅವರೂ ಸರಿಯಲಿಲ್ಲ. ವರ ಹೊರಟುಹೋದ. ತನಗೆ ಬಟ್ಟೆ ಹಾಕಿಕೊಳ್ಳುವುದನ್ನು ಕಲಿಸಲು ಮುದುಕನೊಬ್ಬನನ್ನು ಇಟ್ಟಿದ್ದಾರೆಂದು ಅಂತರ್ಜಾಲದಲ್ಲಿ ಬರೆದ. ನಮ್ಮ ಮ್ಯಾನೇಜರ್, ಮೂವತ್ತು ದಾಟದ ಸ್ಥಳೀಯ ಯುವಕ, ಅದನ್ನು ಫೋನಿನಿಂದ ಎಲ್ಲರ ಮುಂದೆ ಓದಿದ.

"ಅಂಕಲ್, ಕಸ್ಟಮರ್ ವಾಂಟ್, ವೀ ಗಿವ್. ಸಿಂಪಲ್ ಲಾ."

ಇವರು ನನ್ನ ಕಡೆ ತಿರುಗಿ, "ಕೇಳಿದ್ದೆಲ್ಲ ಕೊಡೋದಾದ್ರೆ ನಾನು ಯಾಕಿರ್ಬೇಕು ಅಂತ ಕೇಳಿ ಅವನನ್ನ," ಎಂದರು. ನಾನು ಕೇಳಲಿಲ್ಲ. ಮ್ಯಾನೇಜರ್ ಆ ಪ್ರಶ್ನೆಯನ್ನು ತಾನಾಗಿಯೇ ಕೇಳಿಕೊಂಡಿದ್ದ ಎಂಬುದು ಮುಂದಿನ ತಿಂಗಳು ತಿಳಿಯಿತು.

ಕಿಲ್ಟ್ ವಿಭಾಗವನ್ನು ವೆಬ್‌ಸೈಟಿಗೆ ವರ್ಗಾಯಿಸುವುದು, ಗಿರಾಕಿ ತನ್ನ ಸೊಂಟದ ಸುತ್ತಳತೆಯನ್ನು ತಾನೇ ತುಂಬುವುದು, ಎಲ್ಲರಿಗೂ ಒಂದೇ ಬಗೆಯ ಸ್ಪೊರನ್ ಇರುವ ಪೆಟ್ಟಿಗೆಯನ್ನು ಮನೆಗೆ ಕಳುಹಿಸುವುದು, ಅಳತೆ ಕೋಣೆಯನ್ನು ತೆರವು ಮಾಡಿ ಅಲ್ಲಿ ಪೆಟ್ಟಿಗೆಗಳನ್ನು ಇಡುವುದು. ಇದು ಅವನ ಯೋಜನೆ. ಆ ಒಂದೇ ಬಗೆಯ ಸ್ಪೊರನ್‌ನ ಮಾದರಿ ಬಂದಾಗ ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೃತಕ ಚರ್ಮ, ಕೃತಕ ತುಪ್ಪಳ, ತೆಳ್ಳನೆಯ ಸರಪಳಿ.

"ಇದು ಹಗಲಿಗೂ ಅಲ್ಲ, ರಾತ್ರಿಗೂ ಅಲ್ಲ. ಮುಸ್ಸಂಜೆಗೆ ಹಾಕ್ಕೋಬಹುದು," ಎಂದರು. ಅದನ್ನು ಮೇಜಿನ ಮೇಲಿಟ್ಟು, "ಈ ಊರಲ್ಲಿ ಮುಸ್ಸಂಜೆ ಇರೋದೇ ಕಾಲು ಗಂಟೆ," ಎಂದು ಸೇರಿಸಿದರು.

ಆ ಸಮಯದಲ್ಲಿ ಅವರಿಗೆ ಇದ್ದ ಆತಂಕವೇನೆಂದು ನಾನು ಸ್ಪಷ್ಟವಾಗಿ ಬರೆಯಬೇಕು. ಕೆಲಸ ಹೋಗುತ್ತದೆಂದಲ್ಲ. ಅವರನ್ನು ಪ್ಯಾಕಿಂಗ್‌ಗೆ ಹಾಕುವುದಾಗಿ ಮ್ಯಾನೇಜರ್ ಹೇಳಿದ್ದ. ಗೋಡೆ ಹೋಗುತ್ತದೆಂಬುದೇ ಅವರ ಚಿಂತೆ.

"ನಾನು ಇವತ್ತೋ ನಾಳೆಯೋ ಹೋಗೋನು. ಆರು ತಿಂಗಳು ಕೊಡ್ಲಿ ಸಾಕು. ಯಾರಾದ್ರೂ ಒಬ್ಬರನ್ನ ನನ್ನ ಜೊತೆ ನಿಲ್ಲಿಸ್ಲಿ. ಯಾವ ಹೊತ್ತಿಗೆ ಯಾವುದು ಅಂತ ಅವರಿಗೆ ಹೇಳಿಕೊಟ್ಟು ಹೋಗ್ತೀನಿ. ಆಮೇಲೆ ಏನಾದ್ರೂ ಮಾಡ್ಕೊಳ್ಲಿ. ನೀವೊಂದು ಲೆಟರ್ ಬರೀರಮ್ಮ. ನಿಮಗೆ ಬರತ್ತೆ."

ಅದಕ್ಕೆ ಮೊದಲೇ ಅವರು ನನಗೇ ಕಲಿಸುವ ಪ್ರಯತ್ನ ಮಾಡಿದ್ದರೆಂಬುದು ಆಗ ಹೊಳೆಯಿತು. ಮಧ್ಯಾಹ್ನ ಕೆಳಗಿನ ಕಾಫಿ ಶಾಪಿನಲ್ಲಿ ಊಟದ ಡಬ್ಬಿ ತೆರೆದಾಗಲೆಲ್ಲ ಅವರು ಪ್ರಶ್ನೆ ಹಾಕುತ್ತಿದ್ದರು. "ಸಂಜೆ ಏಳೂವರೆ, ಹೋಟೆಲ್ ಊಟ, ಮೇಜಿಗೆ ಕೂರೋದು?" ನಾನು ಬಲತುದಿ ಎನ್ನುತ್ತಿದ್ದೆ. "ಕಪ್ಪು ಶೂ, ಹಗಲು, ಬಯಲು, ನಿಂತು?" ನಾನು ಎಡಗಡೆ, ಕಪ್ಪು ಚರ್ಮ ಎಂದು ಹೇಳಿ, ತಕ್ಷಣವೇ ತಪ್ಪಿರಬಹುದೇನೋ ಎಂದು ಇನ್ನೊಂದು ಉತ್ತರವನ್ನೂ ಕೊಡುತ್ತಿದ್ದೆ.

"ಮೊದಲು ಹೇಳಿದ್ದೇ ಸರಿ ಇತ್ತು. ಯಾಕಮ್ಮ ಎರಡೆರಡು ಹೇಳ್ತೀರಿ?"

"ಖಾತ್ರಿ ಇರಲಿಲ್ಲ ಸರ್."

"ಕನ್ನಡಿ ಮುಂದೆ ಗಿರಾಕಿ ನಿಂತಿರ್ತಾನೆ. ಅವನಿಗೆ ಖಾತ್ರಿ ಇಲ್ಲ, ನಿಮಗೂ ಇಲ್ಲ. ಇನ್ಯಾರನ್ನ ಕರೀತೀರಿ?"

ಪತ್ರವನ್ನು ನಾನು ಬರೆದೆ. ಅವರು ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದೆ. ಮೊದಲ ಕರಡಿನಲ್ಲಿ ಧಾಟಿ ಸ್ವಲ್ಪ ಗಡುಸಾಯಿತೆನಿಸಿ ಬದಲಿಸಿದೆ. ಎರಡನೆಯದು ದೈನ್ಯವಾಯಿತು. ಹೀಗೆ ಏಳು ಕರಡುಗಳಾದವು. ಏಳು ಕರಡಿಗೆ ಮೂರು ವಾರ ಹಿಡಿಯಿತು. ಕೊನೆಯದಕ್ಕೆ ಅವರು ಸಹಿ ಮಾಡಿದರು. ಅಂದು ಅವರ ಪೂರ್ತಿ ಹೆಸರನ್ನು ಮೊದಲ ಸಲ ನೋಡಿದೆ.

"ತಗೊಂಡು ಹೋಗಿ ಅಮ್ಮನ ಕೈಗೇ ಕೊಟ್ಬಿಡಿ," ಎಂದರು. ಅಮ್ಮ ಎಂದರೆ ಕಂಪನಿಯ ಮಾಲೀಕರು. ಎಪ್ಪತ್ತರ ಸಮೀಪದ ಚೀನೀ ಮಹಿಳೆ. ಪ್ರತಿ ಮಂಗಳವಾರ ಬರುತ್ತಿದ್ದರು. ಕೆಳಗಿನ ಕಾಫಿ ಶಾಪಿನಲ್ಲಿ ನಮ್ಮ ಪಕ್ಕದ ಮೇಜಿನಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು.

"ಹಾಗೆ ಕೊಡೋಕಾಗಲ್ಲ ಸರ್. ಮ್ಯಾನೇಜರ್ ಮೂಲಕ ಹೋಗ್ಬೇಕು. ಇಲ್ಲಾಂದ್ರೆ ವಾಪಸ್ ಬರತ್ತೆ."

"ಕೋಣೆ ತೆಗೀಬೇಕು ಅಂದೋನೇ ಅವನು. ಅವನ ಮೂಲಕ ಹೇಗಮ್ಮ ಹೋಗತ್ತೆ?"

"ಅವರು ತಡೆಹಿಡಿಯೋ ಹಾಗಿಲ್ಲ ಸರ್. ಷರಾ ಬರೆದು ಮುಂದಕ್ಕೆ ಕಳಿಸಲೇಬೇಕು."

ಇದು ತಾಲ್ಲೂಕು ಕಚೇರಿಯ ನಿಯಮ. ಅಲ್ಲಿ ಸೂಕ್ತ ಮಾರ್ಗದಲ್ಲಿ ಬಾರದ ಅರ್ಜಿಯನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ಅರ್ಜಿ ಎಂದ ಮೇಲೆ ಎಲ್ಲೆಡೆಯೂ ಅದೇ ನಿಯಮವಿರುತ್ತದೆಂದು ನಾನು ಯೋಚಿಸದೆಯೇ ನಂಬಿದ್ದೆ. ಪತ್ರದ ಮೇಲ್ಭಾಗದಲ್ಲಿ ಮ್ಯಾನೇಜರ್ ಅವರ ಮೂಲಕ ಎಂದು ಬರೆದು, ಅಡಿಗೆರೆ ಎಳೆದು, ಅವನ ಮೇಜಿನ ಬಳಿ ಒಯ್ದೆ. ಅವನು ಫೋನಿನಿಂದ ಕಣ್ಣು ತೆಗೆಯದೆ, ಓಕೆ, ಅಲ್ಲಿ ಇಡಿ ಎಂದ. ಟ್ರೇಯಲ್ಲಿ ಇಟ್ಟೆ. ಅವನು ಕೆಟ್ಟವನೆಂದು ನಾನು ಹೇಳುವುದಿಲ್ಲ. ಅವನಿಗೆ ಕಾಗದ ಓದುವ ಅಭ್ಯಾಸವೇ ಇರಲಿಲ್ಲ. ಆ ಟ್ರೇಯಲ್ಲಿ ಹಳೆಯ ಊಟದ ಮೆನುಗಳೂ ಇದ್ದವು.

ಎರಡು ವಾರದ ನಂತರದ ಮಂಗಳವಾರ ಬೆಳಿಗ್ಗೆ ನಾನು ಸಾಮಾನಿನ ಲಿಫ್ಟ್ ಹತ್ತಿದಾಗ ಮಾಲೀಕರು ಒಳಗೆ ಒಬ್ಬರೇ ಇದ್ದರು. ಆ ಲಿಫ್ಟ್ ಬಹಳ ನಿಧಾನ. ಬಾಗಿಲು ಮುಚ್ಚಿದ ಮೇಲೆ ಅವರಾಗಿಯೇ ಕೇಳಿದರು.

"ಅಂಕಲ್ ಹೌ? ಓಕೆ ಆಹ್?"

ಅರ್ಜಿ ವಿಚಾರಣೆಯಲ್ಲಿದೆ. ಅದು ಅವರ ಮುಂದೆ ಕ್ರಮಬದ್ಧವಾಗಿ ಬರಬೇಕಾಗಿದೆ. ಅದಕ್ಕೆ ಮೊದಲು ಬಾಯಿಮಾತಿನಲ್ಲಿ ಪ್ರಸ್ತಾಪಿಸಿದರೆ ಅಧಿಕಾರಿಯನ್ನು ಮೀರಿ ಹೋದಂತಾಗುತ್ತದೆ. ಅದರ ಪರಿಣಾಮ ಅರ್ಜಿದಾರರ ಮೇಲೆಯೇ ಆದೀತು. ಇಷ್ಟೆಲ್ಲ ನನ್ನ ತಲೆಯಲ್ಲಿ ಒಂದರ ಹಿಂದೆ ಒಂದು ಬಂದಿತು.

"ಓಕೆ, ಮೇಡಂ," ಎಂದೆ.

ಅವರು ತಲೆಯಾಡಿಸಿದರು. ಎರಡನೇ ಮಹಡಿ ಬಂತು, ಮೂರನೇ ಮಹಡಿ ಬಂತು. ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಅವರು ನನಗಿಂತ ಮೊದಲು ಇಳಿದರು.

ಮುಂದಿನ ಶುಕ್ರವಾರ ಕೋಣೆಯನ್ನು ತೆರವು ಮಾಡಿದರು. ನಾಟಕದ ಸಾಮಗ್ರಿ ಮಾರುವವನೊಬ್ಬ ಬಂದು ಗೋಡೆಯ ಮೇಲಿನದೆಲ್ಲವನ್ನೂ ಚೀಲಗಳಲ್ಲಿ ತುಂಬಿಕೊಂಡ. ಎಡ ಬಲ ಎಂದೇನೂ ನೋಡಲಿಲ್ಲ. ಕೈಗೆ ಸಿಕ್ಕಂತೆ ತುಂಬಿದ. ಇವರು ತಮ್ಮ ಪೈಪಿನ ಕಾಲದ ಸ್ವಂತ ಕುದುರೆಗೂದಲಿನದನ್ನು ಮೊದಲೇ ತೆಗೆದಿಟ್ಟುಕೊಂಡಿದ್ದರು. ಅದರ ಜೊತೆಗೆ ಎಡತುದಿಯದೊಂದು, ಬಲತುದಿಯದೊಂದು ತೆಗೆದುಕೊಳ್ಳಲು ಅನುಮತಿ ಕೇಳಿದರು. ಕೊಟ್ಟರು. ಚೀಲಗಳು ಲಿಫ್ಟಿಗೆ ಹೋದ ಮೇಲೆ ಗೋಡೆಯಲ್ಲಿ ಬರೀ ಮೊಳೆಗಳು ಉಳಿದವು. ಅವರು ಇಕ್ಕಳ ತಂದು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದರು.

"ಪೆಟ್ಟಿಗೆ ಜೋಡಿಸೋರಿಗೆ ಕೈಗೆ ಚುಚ್ಚತ್ತೆ," ಎಂದರು.

ಪತ್ರ ಮಾಲೀಕರ ಕೈಗೆ ಸಿಕ್ಕಿದ್ದು ಒಂದೂವರೆ ತಿಂಗಳ ನಂತರ, ಮ್ಯಾನೇಜರ್ ಮೇಜು ಬದಲಾಯಿಸಿದಾಗ. ಅವರು ನನ್ನನ್ನು ಕರೆಸಿದರು. ಪತ್ರವನ್ನು ಪೂರ್ತಿ ಓದಿದ್ದರು. ಆರು ತಿಂಗಳು ತಾನೆ, ಕೊಡುತ್ತಿದ್ದೆನಲ್ಲ ಎಂದರು. ಕನ್ನಡಕ ತೆಗೆದು ನನ್ನನ್ನು ನೋಡಿ, "ಲಿಫ್ಟಲ್ಲಿ ಕೇಳಿದೆನಲ್ಲ, ಆಗ ಯಾಕೆ ಹೇಳಲಿಲ್ಲ?" ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಈ ವಿಷಯವನ್ನು ನಾನು ನನ್ನ ಸಹೋದ್ಯೋಗಿಗೆ ಹೇಳಿದೆ. ಹೇಳದೆ ಇರಬಹುದಿತ್ತು. ಪ್ಯಾಕಿಂಗ್ ಮೇಜಿನ ಮುಂದೆ ನಿಂತಿದ್ದ ಅವರು ಕೈಯಲ್ಲಿದ್ದ ಟೇಪನ್ನು ಪೆಟ್ಟಿಗೆಗೆ ಅಂಟಿಸಿ ಮುಗಿಸಿದರು.

"ಲೆಟರ್ ಚೆನ್ನಾಗಿತ್ತು ಅಂದ್ರಾ?"

"ಓದಿದ್ರು ಸರ್. ಪೂರ್ತಿ ಓದಿದ್ರು."

"ಸರಿ ಬಿಡಿ," ಎಂದರು. ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, "ನೀವು ಮೊದಲು ಬರೆದಿದ್ರಲ್ಲ, ಗಡುಸಾಯ್ತು ಅಂತ ಹರಿದುಹಾಕಿದ್ದು, ಅದೇ ಸರಿ ಇತ್ತು," ಎಂದರು.

ಅವರು ನನ್ನೊಡನೆ ಊಟಕ್ಕೆ ಬರುವುದನ್ನು ನಿಲ್ಲಿಸಲಿಲ್ಲ. ಆದರೆ ಪ್ರಶ್ನೆಗಳನ್ನು ಕೇಳುವುದನ್ನು ನಿಲ್ಲಿಸಿದರು. ನಾವು ಮಳೆಯ ಬಗ್ಗೆ, ರೈಲು ತಡವಾದ ಬಗ್ಗೆ ಮಾತನಾಡುತ್ತಿದ್ದೆವು. ಬುಕಿತ್ ಪಂಜಾಂಗ್‌ನಿಂದ ನಾನು ಬರುವ ಸಣ್ಣ ರೈಲು ಆಗಾಗ ಕೈಕೊಡುತ್ತಿದ್ದುದರಿಂದ ಮಾತಿಗೆ ಬರ ಇರಲಿಲ್ಲ.

ಪ್ಯಾಕಿಂಗ್‌ನಲ್ಲಿ ಅವರು ಇನ್ನೊಂದು ಕೆಲಸ ಮಾಡುತ್ತಿದ್ದರೆಂದು ನಂತರ ಗೊತ್ತಾಯಿತು. ಪ್ರತಿ ಪೆಟ್ಟಿಗೆಯಲ್ಲೂ, ಕಿಲ್ಟ್‌ನ ಮಡಿಕೆಯ ನಡುವೆ, ಒಂದು ಚೀಟಿ ಇಡುತ್ತಿದ್ದರು. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ, ಬಕಲ್‌ನಿಂದ ನಾಲ್ಕು ಬೆರಳು ಕೆಳಗೆ ಎಂದು ಬರೆದಿರುತ್ತಿದ್ದರು. ಅಷ್ಟೇ. ಯಾರ ಬೆರಳು, ಏನು ಕೆಳಗೆ, ಏನೂ ಇಲ್ಲ. ಗಿರಾಕಿಗಳು ಫೋನ್ ಮಾಡಿ ಇದೇನೆಂದು ಕೇಳತೊಡಗಿದರು. ಒಬ್ಬರು ಇದು ಪೊಲೀಸರಿಗೆ ಹೇಳಬೇಕಾದ ಸಂಗತಿಯೇ ಎಂದೂ ಕೇಳಿದರು. ಚೀಟಿ ಇಡಕೂಡದೆಂಬ ಸೂಚನೆಯನ್ನು ಮ್ಯಾನೇಜರ್ ಪರವಾಗಿ ಬರೆದು ಅವರಿಗೆ ಕೊಡಬೇಕಾದವಳು ನಾನೇ ಆಗಿದ್ದೆ. ಬರೆದುಕೊಟ್ಟೆ. ಅವರು ಓದಿ, ಮಡಿಸಿ, ಬಾಚಣಿಗೆ ಇದ್ದ ಜೇಬಿನಲ್ಲಿ ಇಟ್ಟುಕೊಂಡರು.

ಅದಾಗಿ ನಾಲ್ಕು ತಿಂಗಳಿಗೆ, ಒಂದು ಭಾನುವಾರ ಬೆಳಿಗ್ಗೆ, ಅವರು ಮನೆಯಲ್ಲಿ ತೀರಿಕೊಂಡರು. ಕುರ್ಚಿಯಲ್ಲಿ ಕೂತಿದ್ದರಂತೆ. ಅವರ ಪತ್ನಿ, ನಾನು ಆಂಟಿ ಎಂದು ಕರೆಯುವವರು, ನನಗೆ ಫೋನ್ ಮಾಡಿದರು. ಮಕ್ಕಳಿರಲಿಲ್ಲ. ಮಾರನೆಯ ದಿನ ನಾನು ಹೋದಾಗ ಮನೆಯಲ್ಲಿ ಆಂಟಿ, ಅವರ ತಮ್ಮ, ಶವಸಂಸ್ಕಾರದ ಸೇವೆಯ ಇಬ್ಬರು ಕೆಲಸಗಾರರು ಇದ್ದರು. ಕೆಳಗೆ, ಕಟ್ಟಡದ ನೆಲಮಟ್ಟದ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಕುರ್ಚಿಗಳನ್ನು ಹಾಕಿದ್ದರು. ಒಟ್ಟು ಹನ್ನೊಂದು ಮಂದಿ ಬಂದಿದ್ದರು. ಅವರಲ್ಲಿ ಮೂವರು ವಯಸ್ಸಾದ ಪೈಪಿನವರು, ಪೂರ್ಣ ಸಮವಸ್ತ್ರದಲ್ಲಿ.

"ಕಿಲ್ಟ್ ಹಾಕಿಯೇ ಕಳಿಸ್ಬೇಕು ಅಂತ ಅವರು ಯಾವಾಗಲೋ ಹೇಳಿದ್ರು," ಎಂದರು ಆಂಟಿ. ಅವರ ತಮ್ಮ ಒಪ್ಪಲಿಲ್ಲವಂತೆ. ಕೊನೆಗೆ ಪಂಚೆ ಉಡಿಸಿ, ಅದರ ಮೇಲೆ ಕಿಲ್ಟ್ ಸುತ್ತಿದ್ದರು. ಮಂಚದ ಪಕ್ಕದ ಮೇಜಿನ ಮೇಲೆ ಮೂರು ಸಂಚಿಗಳಿದ್ದವು.

"ಯಾವುದು ಹಾಕ್ಬೇಕು ಅಂತ ನನಗೆ ತಿಳಿಯಲ್ಲಮ್ಮ. ನಿಮಗೆ ಹೇಳಿಕೊಟ್ಟಿದೀನಿ ಅಂತಿದ್ರು. ನೀವೇ ಆರಿಸಿಬಿಡಿ."

ನಾನು ಮೇಜಿನ ಮುಂದೆ ನಿಂತೆ. ಎಷ್ಟು ಹೊತ್ತಿಗೆ? ಹಗಲು ಹನ್ನೊಂದು. ಸಾದಾ ಚರ್ಮದ್ದು. ಯಾರ ಮುಂದೆ? ಹನ್ನೊಂದು ಮಂದಿ, ಅವರಲ್ಲಿ ಮೂವರು ಪೈಪಿನವರು. ಹಾಗಾದರೆ ಕುದುರೆಗೂದಲಿನದು. ಅಥವಾ ಇದಕ್ಕಿಂತ ಔಪಚಾರಿಕವಾದದ್ದು ಮನುಷ್ಯನಿಗೆ ಇನ್ನಾವುದಿದೆ? ಹಾಗಾದರೆ ಬೆಳ್ಳಿ ಕಮಾನಿನದು. ನಿಂತಿರುತ್ತಾರೋ, ಕೂತಿರುತ್ತಾರೋ? ಮಲಗಿದವರ ಬಗ್ಗೆ ಅವರು ಏನನ್ನೂ ಹೇಳಿಕೊಟ್ಟಿರಲಿಲ್ಲ.

ಸಾದಾ ಚರ್ಮದ್ದನ್ನು ಕೈಗೆತ್ತಿಕೊಂಡೆ. ಮೊದಲು ಮನಸ್ಸಿಗೆ ಬಂದದ್ದು ಅದೇ. ಆಂಟಿಯ ತಮ್ಮ ಬಾಗಿಲಿನಿಂದ, "ಚರ್ಮ ಮೈಮೇಲೆ ಬೇಡಮ್ಮ," ಎಂದರು. ಕೆಲಸಗಾರರಲ್ಲಿ ಒಬ್ಬ, ಲೋಹದ ಬಕಲ್ ಇದ್ದರೆ ದಹನಕ್ಕೆ ಮೊದಲು ತೆಗೆಯಬೇಕಾಗುತ್ತದೆ ಎಂದ. ಮೊದಲು ಯಾರನ್ನು ಒಪ್ಪಿಸಬೇಕು ಎಂದು ನಾನು ಯೋಚಿಸಿದೆ. ತಮ್ಮನನ್ನೋ, ಅವನನ್ನೋ, ಆಂಟಿಯ ಮೂಲಕ ತಮ್ಮನನ್ನೋ. ಪಟ್ಟಿಯಿಂದ ಬಕಲ್ ಬಿಚ್ಚಿ ಬರೀ ದಾರದಿಂದ ಕಟ್ಟಬಹುದಲ್ಲವೇ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ವ್ಯಾನ್ ಬಂತೆಂದು ಯಾರೋ ಕೂಗಿ ಹೇಳಿದರು. ಕೆಲಸಗಾರರು ನನ್ನನ್ನು ನಯವಾಗಿ ಪಕ್ಕಕ್ಕೆ ಸರಿಸಿದರು.

ಹೀಗಾಗಿ ಅವರು ಸಂಚಿ ಇಲ್ಲದೆ ಹೋದರು. ಕೆಲಸಗಾರರು ಅವರ ಎರಡೂ ಕೈಗಳನ್ನು ಮುಂಭಾಗದಲ್ಲಿ, ಸಂಚಿ ಇರಬೇಕಾದ ಜಾಗದಲ್ಲಿ, ಒಂದರ ಮೇಲೊಂದು ಇಟ್ಟಿದ್ದರು. ನಾನು ಕಣ್ಣಿನಲ್ಲೇ ಅಳೆದೆ. ನಾಲ್ಕು ಬೆರಳಿಗಿಂತ ತುಸು ಹೆಚ್ಚು ಕೆಳಗಿತ್ತು. ಅದನ್ನೂ ಹೇಳಲಿಲ್ಲ.

ಹದಿಮೂರನೆಯ ದಿನದ ನಂತರ ಆಂಟಿ ಆ ಮೂರನ್ನೂ ಒಂದು ಚೀಲದಲ್ಲಿ ಹಾಕಿ ನನಗೆ ಕೊಟ್ಟರು. ಬುಕಿತ್ ಪಂಜಾಂಗ್‌ನ ನನ್ನ ಮನೆಯ ಗೋಡೆಯಲ್ಲಿ ಮೂರು ಮೊಳೆಗಳನ್ನು ಹೊಡೆಸಿ, ಎಡದಿಂದ ಬಲಕ್ಕೆ ಎರಡನ್ನು, ಬಾಗಿಲ ಪಕ್ಕದಲ್ಲಿ ಕುದುರೆಗೂದಲಿನದನ್ನು ತೂಗುಹಾಕಿದ್ದೇನೆ. ಸೋಮವಾರಗಳಂದು ಬಾಚುತ್ತೇನೆ. ಯಾರಿಗಾದರೂ ಅವಶ್ಯವಿದ್ದಲ್ಲಿ ನೇರವಾಗಿ ಬಂದು ಕೇಳಬಹುದು. ಯಾರ ಮೂಲಕವೂ ಬರಬೇಕಾಗಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿ ಆರಿಸಿಕೊಡಲು ಸಿದ್ಧಳಿದ್ದೇನೆ. ಈವರೆಗೆ ಯಾರೂ ಬಂದಿಲ್ಲವೆಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ.